ನೋಸಿ ಪಾರ್ಕರ್‌ಗೆ ಕನ್ನಡದಲ್ಲಿ ಏನು? ಸಂಜೆ ಏಳರೊಳಗೆ ಬೇಕು

ಬೆಳಗ್ಗೆ 10.20 — ಇಂಗ್ಲಿಷ್ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕು. ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ಒಂದು ಇಂಗ್ಲಿಷ್ ಏಕಾಂಕ ನಾಟಕವನ್ನು ಕನ್ನಡಕ್ಕೆ ಮಾಡಿದ್ದೇನೆ. ಅದರಲ್ಲಿ ಪಕ್ಕದ ಮನೆಯವನೊಬ್ಬ ಬರುತ್ತಾನೆ. ನಾಟಕದುದ್ದಕ್ಕೂ ಎಲ್ಲರೂ ಅವನನ್ನು ‘ನೋಸಿ ಪಾರ್ಕರ್’ ಅಂತಲೇ ಕರೆಯುತ್ತಾರೆ. ಆಮಂತ್ರಣ ಪತ್ರಿಕೆ ಪಿ.ಬಿ. ರಸ್ತೆಯ ಒಂದು ಡಿಟಿಪಿ ಅಂಗಡಿಯಲ್ಲಿದೆ. ಉಳಿದ ಪಾತ್ರಗಳ ಹೆಸರೆಲ್ಲ ಟೈಪ್ ಆಗಿವೆ, ಇದೊಂದು ಕಡೆ ಚುಕ್ಕಿ ಚುಕ್ಕಿ ಇಟ್ಟು ಬಂದಿದ್ದೇನೆ. ಸಂಜೆ ಏಳಕ್ಕೆ ಅಚ್ಚಿಗೆ ಹೋಗುತ್ತದೆ.

ಇವನು ಜಗಳಗಂಟ ಅಲ್ಲ. ಚಾಡಿಕೋರನೂ ಅಲ್ಲ. ಪಕ್ಕದ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಇವನಿಗೆ ಗೊತ್ತಾಗಬೇಕು, ಅಷ್ಟೇ. ಮೂಲದಲ್ಲಿ ಬಾಗಿಲ ಹತ್ತಿರ ಗೂಟಕ್ಕೆ ನೇತುಹಾಕಿದ ಕೋಟುಗಳನ್ನು ಎಣಿಸಿ ಒಳಗೆ ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಹಾಕುತ್ತಾನೆ. ನಾನು ಕೋಟು ತೆಗೆದು ಚಪ್ಪಲಿ ಮಾಡಿದೆ. ನಮ್ಮವನು ಹೊಸಿಲ ಹೊರಗಿನ ಚಪ್ಪಲಿ ಎಣಿಸುತ್ತಾನೆ. ಹೊಸ ಜೋಡು ಕಂಡರೆ ಬಗ್ಗಿ ನಂಬರ್ ನೋಡುತ್ತಾನೆ.

ಮೊದಲು ‘ಮೂಗಪ್ಪ’ ಅಂತ ಇಟ್ಟಿದ್ದೆ. ತಾಲೀಮಿನಲ್ಲಿ ಒಬ್ಬ ಹುಡುಗ ಎದ್ದು, “ಮೇಡಂ, ಅವನಿಗೆ ಮಾತು ಬರಲ್ವಾ?” ಅಂದ. ಸರಿಯಾಗಿಯೇ ಕೇಳಿದ. ಮೂಗ ಅಂದರೆ ಮೂಕ. ಅದನ್ನು ಬಿಟ್ಟೆ.

ಇನ್ನೊಂದು. ಈ ಪಾರ್ಕರ್ ಯಾರು ಅಂತ ಮಕ್ಕಳು ಕೇಳುತ್ತಿದ್ದಾರೆ. ಅದನ್ನೂ ಬಲ್ಲವರು ಹೇಳಿ.

10.31 — ಹಿರಿಯೂರು

ಅಧಿಕಪ್ರಸಂಗಿ.

10.38 — ಇಂಗ್ಲಿಷ್ ಟೀಚರ್, ದಾವಣಗೆರೆ

ಅಲ್ಲ ಸಾರ್. ಅಧಿಕಪ್ರಸಂಗಿ ಅಂದರೆ ಕೇಳದೆ ಮಾತಾಡುವವನು. ನನ್ನವನು ಮಾತಾಡದೆ ಕೇಳುವವನು.

10.52 — ಹಿರಿಯೂರು

ಹಾಗಾದರೆ ತಲೆಹರಟೆ. ಇಷ್ಟಕ್ಕೆಲ್ಲ ಚರ್ಚೆ ಬೇಕಾ?

11.40 — ನಿವೃತ್ತ ಉಪನ್ಯಾಸಕ, ಹರಿಹರ

ಹಿರಿಯೂರಿನವರು ಬಸ್ಸಿನ ಬಾಗಿಲಲ್ಲಿ ನಿಂತು ಉತ್ತರ ಕೊಡುವವರ ಹಾಗೆ ಬರೆಯುತ್ತಾರೆ. ಇರಲಿ.

ಮೇಡಂ, ಪಾರ್ಕರ್ ವಿಷಯಕ್ಕೆ ಬರೋಣ. ಎಲ್ಲರೂ ಹೇಳುವ ಕಥೆ ಒಂದಿದೆ. ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ ಮ್ಯಾಥ್ಯೂ ಪಾರ್ಕರ್ ಅಂತ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಇದ್ದ. 1559ರಿಂದ 1575ರಲ್ಲಿ ಸಾಯುವವರೆಗೆ ಆ ಪೀಠದಲ್ಲಿದ್ದ. ಚರ್ಚುಗಳಿಗೆ ಉದ್ದುದ್ದ ಪ್ರಶ್ನೆಗಳ ಪಟ್ಟಿ ಕಳಿಸುತ್ತಿದ್ದ, ಪಾದ್ರಿಗಳು ಏನು ಮಾಡುತ್ತಾರೆ ಎಂದು ವಿಚಾರಿಸುತ್ತಿದ್ದ, ಮೂಗೂ ಉದ್ದ ಇತ್ತು, ಅದಕ್ಕೇ ಈ ಹೆಸರು ಅಂತ. ಕಥೆ ಚೆನ್ನಾಗಿದೆ. ಸುಳ್ಳು.

ಯಾಕೆ ಸುಳ್ಳು ಅಂದರೆ, ನೋಸಿ ಪಾರ್ಕರ್ ಎಂಬ ಜೋಡಿ ಅಚ್ಚಿನಲ್ಲಿ ಕಾಣುವುದೇ ಅವನು ಸತ್ತು ಮುನ್ನೂರು ವರ್ಷ ದಾಟಿದ ಮೇಲೆ. 1890ರ ಒಂದು ಲಂಡನ್ ಮಾಸಪತ್ರಿಕೆಯ ಕಥೆಯಲ್ಲಿ, ಜಾಸ್ತಿ ಪ್ರಶ್ನೆ ಕೇಳುವವನಿಗೆ ‘ನೀನೊಬ್ಬ ನೋಸಿ ಪಾರ್ಕರ್’ ಎಂಬ ಅರ್ಥದ ಮಾತು ಬರುತ್ತದೆ. 1907ರಲ್ಲಿ ಇದೇ ಹೆಸರಿನ ಪೋಸ್ಟ್‌ಕಾರ್ಡ್ ಮಾರಾಟಕ್ಕಿತ್ತು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕೂತ ಜೋಡಿಗಳನ್ನು ಇಣುಕುವವನ ತಮಾಷೆ ಅದರಲ್ಲಿ. ಪಾರ್ಕರ್ ಎಂಬ ಮನೆತನದ ಹೆಸರಿಗೆ ಮೂಲ ಅರ್ಥವೂ ಪಾರ್ಕು ಕಾಯುವವನು ಅಂತಲೇ. ಆಗ ಪಾರ್ಕು ಅಂದರೆ ದೊರೆಗಳು ಬೇಟೆಗೆ ಜಿಂಕೆ ಸಾಕುತ್ತಿದ್ದ ಬೇಲಿಯೊಳಗಿನ ಕಾಡು. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು.

ಈಗ ನಮ್ಮ ಊರಿನ ಸಾಕ್ಷಿ ಕೇಳಿ. ವಾಟರ್ಲೂ ಗೆದ್ದ ವೆಲಿಂಗ್ಟನ್ನನಿಗೆ ಅವನ ಸಿಪಾಯಿಗಳು ಇಟ್ಟ ಅಡ್ಡಹೆಸರು ‘ಓಲ್ಡ್ ನೋಸಿ’. ಅವನು ಯಾರ ಮನೆಯೊಳಗೂ ಇಣುಕುತ್ತಿರಲಿಲ್ಲ. ಮೂಗು ಗಿಣಿಯ ಕೊಕ್ಕಿನ ಹಾಗಿತ್ತು, ಅದಕ್ಕೆ. ಅಂದರೆ 1800ರ ಆಸುಪಾಸಿನಲ್ಲಿ ನೋಸಿ ಅಂದರೆ ಬರೀ ದೊಡ್ಡ ಮೂಗಿನವನು. ಇಣುಕುವವನು ಎಂಬ ಅರ್ಥ ಹುಟ್ಟಿದ್ದು 19ನೇ ಶತಮಾನದ ಕೊನೆಗೆ. ಹೀಗಿರುವಾಗ 16ನೇ ಶತಮಾನದ ಬಿಷಪ್ಪನಿಗೆ ಆ ಹೆಸರು ಹೇಗೆ ಬಂತು?

ಇದೇ ವೆಲಿಂಗ್ಟನ್ ಡ್ಯೂಕ್ ಆಗುವ ಮೊದಲು ಬರೀ ಕರ್ನಲ್ ವೆಲ್ಲೆಸ್ಲಿ. 1800ರಲ್ಲಿ ಚನ್ನಗಿರಿಯ ಧೋಂಡಿಯ ವಾಘ್‌ನ ಬೆನ್ನು ಹತ್ತಿ ಬಂದವನು ನಮ್ಮ ಹರಿಹರದಲ್ಲೇ ಡೇರೆ ಹಾಕಿ ಹೊಳೆ ದಾಟಿದ. ಆ ಮೂಗನ್ನು ನಮ್ಮ ಊರವರು ನೋಡಿದ್ದಾರೆ. ಏನು ಅಡ್ಡಹೆಸರಿಟ್ಟರೋ, ಇಡದೆ ಅಂತೂ ಬಿಟ್ಟಿರಲಾರರು.

11.58 — ಹಿರಿಯೂರು

ಪದ ಕೇಳಿದರೆ ಇತಿಹಾಸ ಕೊಟ್ಟಿರಿ. ಪದ ಎಲ್ಲಿ?

ಮಧ್ಯಾಹ್ನ 12.25 — ಕೋಟೆ ಪಕ್ಕದವ, ಚಿತ್ರದುರ್ಗ

ಮೇಡಂ, ಪದ ನಮ್ಮ ದುರ್ಗದಲ್ಲೇ ಇದೆ. ಕಿಂಡಿ. ‘ಕಿಂಡಿ ಕಿಟ್ಟಪ್ಪ’ ಅಂತ ಇಡಿ. ಹೇಳಲು ಹಗುರ, ಪ್ರಾಸ ಇದೆ, ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಿಂಡಿಯಲ್ಲಿ ತಲೆ ತೂರಿಸಿದವರ ಗತಿ ಏನಾಗುತ್ತದೆ ಅಂತ ಓಬವ್ವನಿಂದ ಈಚೆಗೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾಟಕದ ಕೊನೆಯಲ್ಲಿ ಒಂದು ಒನಕೆಯನ್ನೂ ಸೇರಿಸಬಹುದು.

12.41 — ಇಂಗ್ಲಿಷ್ ಟೀಚರ್, ದಾವಣಗೆರೆ

ಸಾರ್, ಇದು ತಮಾಷೆ ನಾಟಕ. ಕೊನೆಗೆ ಅವನಿಗೇ ಹೋಳಿಗೆ ಊಟ ಹಾಕಿ ಕಳಿಸುತ್ತಾರೆ. ಒನಕೆ ಬೇಡ. ಆದರೆ ಕಿಂಡಿಯನ್ನು ಗುರುತು ಹಾಕಿಕೊಂಡೆ.

ಸ್ಟಾಫ್ ರೂಮಿನಲ್ಲಿ ಒಬ್ಬರು ಸುಮ್ನೆ ‘ಮೂಗುತೂರಿ’ ಅಂತಿಡಿ ಅಂದರು. ಹೇಗೆ?

1.05 — ಅಚ್ಚಗನ್ನಡ ಒಲವಿನವ, ದಾವಣಗೆರೆ

ಬೇಡ. ‘ಮೂಗು ತೂರಿಸು’ ಇಂಗ್ಲಿಷಿನ ನೆರಳು. ಇಂಗ್ಲಿಷ್ ಕಲಿತವರು ಮಾಡಿಕೊಂಡದ್ದು. ನಮ್ಮ ಮೂಗು ಮುರಿಯುತ್ತದೆ, ಮೂಗಿನ ಮೇಲೆ ಬೆರಳು ಇಡುತ್ತೇವೆ, ಮೂಗಿಗೆ ತುಪ್ಪ ಸವರುತ್ತಾರೆ, ಎತ್ತಿಗೆ ಮೂಗುದಾರ ಹಾಕುತ್ತೇವೆ. ಅದನ್ನು ಎಲ್ಲಾದರೂ ತೂರಿಸುವುದು ನಮ್ಮ ಪದ್ಧತಿಯಲ್ಲ.

ಮರೆಯುವವನು ಮರೆಗುಳಿ. ಅದೇ ದಾರಿಯಲ್ಲಿ ಇಣುಕುವವನು ಇಣುಕುಳಿ. ಒಂದೇ ಪದ, ಪೂರ್ತಿ ಕನ್ನಡ. ಇದನ್ನೇ ಹಾಕಿ.

1.12 — ಹಿರಿಯೂರು

ಇಣುಕುಳಿ ಅಂದರೆ ಬಡಗಿಯ ಉಳಿ ಇದ್ದ ಹಾಗಿದೆ.

1.50 — ಚಳ್ಳಕೆರೆಯವಳು, ಈಗ ದಾವಣಗೆರೆ

ಅಚ್ಚಗನ್ನಡದ ಅಣ್ಣಾವ್ರಿಗೆ ಒಂದು ಮಾತು. ತೆಲುಗಿನವರೂ ಮುಕ್ಕು ದೂರಿಸುತ್ತಾರೆ, ಮರಾಠಿಯವರೂ ನಾಕು ಖುಪಸುತ್ತಾರೆ, ತಮಿಳರೂ ಮೂಕ್ಕು ನುಗ್ಗಿಸುತ್ತಾರೆ. ಎಲ್ಲರಿಗೂ ಇಂಗ್ಲಿಷ್ ಮೇಷ್ಟ್ರೇ ಹೇಳಿಕೊಟ್ಟರಾ? ನಾಯಿ ಬೆಕ್ಕು ಹೊಸ ಪಾತ್ರೆ ಕಂಡರೆ ಮೊದಲು ಏನು ತೂರಿಸುತ್ತವೆ? ಅದನ್ನು ನೋಡಿದ ಯಾರಿಗಾದರೂ ಈ ಮಾತು ಹೊಳೆಯುತ್ತದೆ.

ಆದರೂ ‘ಮೂಗುತೂರಿ’ ಮೇಡಂ ಅವರ ಪಾತ್ರಕ್ಕೆ ಆಗುವುದಿಲ್ಲ. ಕಾರಣ ಬೇರೆ. ಕನ್ನಡದಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಕೆಲಸ ಹಂಚಿದೆ. ಮಾತಿನ ಮಧ್ಯೆ ನುಗ್ಗುವವನು ಬಾಯಿ ಹಾಕುತ್ತಾನೆ. ಕೆಲಸದಲ್ಲೇ ಸೇರಿಕೊಳ್ಳುವವನು ಕೈ ಹಾಕುತ್ತಾನೆ. ಅಡ್ಡಿ ಮಾಡುವವನು ಅಡ್ಡಗಾಲು ಹಾಕುತ್ತಾನೆ. ಬೇರೆಯವರ ಆಸ್ತಿ ಬೇಕು ಅನ್ನುವವನು ಕಣ್ಣು ಹಾಕುತ್ತಾನೆ. “ಆ ಕಡೆ ತಲೆ ಹಾಕಬೇಡ” ಅಂದರೆ ಅಲ್ಲಿಗೆ ಹೋಗಲೇಬೇಡ ಅಂತ. ಮೂಗು ತೂರಿಸುವವನು ಬರೀ ತಿಳಿದುಕೊಂಡು ಸುಮ್ಮನಿರುವುದಿಲ್ಲ, ನಡುವೆ ಬಂದು ಏನಾದರೂ ಕೆಡಿಸುತ್ತಾನೆ. ಚಪ್ಪಲಿ ಎಣಿಸುವವನು ಏನು ಕೆಡಿಸಿದ? ಎಣಿಸಿ ಮನೆಗೆ ಹೋದ. ಅವನಿಗೆ ಯಾವ ಅಂಗವೂ ಖಾಲಿ ಉಳಿದಿಲ್ಲ, ಕಿವಿ ಬಿಟ್ಟರೆ.

ಕಿವಿ ಅಂದಾಗ ನೆನಪಾಯಿತು. ಇಂಗ್ಲಿಷಿನಲ್ಲಿ ಈವ್ಸ್‌ಡ್ರಾಪ್ ಅಂತ ಇದೆಯಲ್ಲ, ಕದ್ದು ಕೇಳುವುದು. ಅದರ ಮೂಲ ಸೂರಿನಿಂದ ನೀರು ತೊಟ್ಟಿಕ್ಕುವ ಜಾಗ. ಗೋಡೆಗೂ ಆ ನೀರು ಬೀಳುವ ಗೆರೆಗೂ ನಡುವೆ ನಿಂತು ಒಳಗಿನ ಮಾತು ಕೇಳುವವನೇ ಈವ್ಸ್‌ಡ್ರಾಪರ್. 18ನೇ ಶತಮಾನದ ಇಂಗ್ಲಿಷ್ ಕಾನೂನು ಗ್ರಂಥದಲ್ಲಿ ಇದನ್ನು ಅಪರಾಧಗಳ ಪಟ್ಟಿಗೆ ಸೇರಿಸಿದ್ದಾರೆ. ಇದಕ್ಕೆ ‘ಸೂರುಗಿವಿ’ ಅಂತ ಮಾಡೋಣ ಅನ್ನಿಸಿತು. ಆಮೇಲೆ ನಗು ಬಂತು. ನಮ್ಮ ಚಳ್ಳಕೆರೆ ಕಡೆ ಹಳೇ ಮನೆಗಳೆಲ್ಲ ಮಾಳಿಗೆ ಮನೆ. ಮೇಲೆ ಮಣ್ಣಿನ ಚಪ್ಪಟೆ ಛಾವಣಿ. ಸೂರು ಎಲ್ಲಿಂದ ಬರಬೇಕು?

ನಮ್ಮಲ್ಲಿ ಕದ್ದು ಕೇಳುವುದಕ್ಕೆ ಬೆಳಕಿಂಡಿ. ಚಿಕ್ಕಮ್ಮನ ಮದುವೆ ಮಾತುಕತೆ ದಿನ ನಾನು ಮಾಳಿಗೆ ಹತ್ತಿ, ಬೆಳಕಿಂಡಿ ಪಕ್ಕ ಬೋರಲು ಮಲಗಿ, ಕಿವಿ ಇಟ್ಟಿದ್ದೆ. ಕೆಳಗೆ ಅಡುಗೆಮನೆಯಲ್ಲಿ ಹೆಂಗಸರು ಪಿಸುಗುಟ್ಟುತ್ತಿದ್ದರು. ಹುಡುಗನ ಕಡೆಯವರು ಎಷ್ಟು ತೊಲ ಕೇಳಿದರು ಅಂತ ಇನ್ನೇನು ಬಾಯಿಬಿಡಬೇಕು, ಅಷ್ಟರಲ್ಲಿ ಅಜ್ಜಿಗೆ ನೆಲದ ಮೇಲೆ ಬಿದ್ದ ನನ್ನ ತಲೆಯ ನೆರಳು ಕಂಡಿದೆ. ಅಜ್ಜಿ ಒಂದು ಮಾತೂ ಆಡಲಿಲ್ಲ. ಒಲೆಗೆ ಎರಡು ಹಸಿ ಸೌದೆ ತುರುಕಿದಳು. ಹೊಗೆ ನೇರ ಮೇಲೆ ಬಂದು ನನ್ನ ಮೂಗಿಗೆ ಹೊಡೆಯಿತು. ಕೆಮ್ಮುತ್ತಾ ಇಳಿದು ಬಂದೆ. ಎಷ್ಟು ತೊಲ ಅಂತ ಇವತ್ತಿಗೂ ಗೊತ್ತಿಲ್ಲ.

2.10 — ಕೋಟೆ ಪಕ್ಕದವ, ಚಿತ್ರದುರ್ಗ

ನೋಡಿದಿರಾ, ಅಲ್ಲೂ ಕಿಂಡಿ! ಬೆಳಕಿಂಡಿ ಅಂದರೆ ಬೆಳಕಿನ ಕಿಂಡಿ. ನನ್ನ ಮಾತಿಗೆ ಚಳ್ಳಕೆರೆಯ ಅಜ್ಜಿಯದೇ ಸಾಕ್ಷಿ.

2.15 — ಅಚ್ಚಗನ್ನಡ ಒಲವಿನವ, ದಾವಣಗೆರೆ

ಕಥೆ ಚೆನ್ನಾಗಿದೆ. ಪದ ಇಲ್ಲ. ಇಣುಕುಳಿಗೆ ಯಾರೂ ಸರಿಯಾದ ಆಕ್ಷೇಪ ಹೇಳಿಲ್ಲ. ಬಡಗಿಯ ಉಳಿ ಎಂಬುದು ಆಕ್ಷೇಪವಲ್ಲ, ಕುಚೋದ್ಯ.

2.40 — ಇಂಗ್ಲಿಷ್ ಟೀಚರ್, ದಾವಣಗೆರೆ

ಆಕ್ಷೇಪ ನಾನು ಹೇಳುತ್ತೇನೆ ಸಾರ್. ಊಟದ ಬಿಡುವಿನಲ್ಲಿ ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಇಣುಕುಳಿ ಅಂತ ಕರೆದು ನೋಡಿದೆ. ಒಬ್ಬರೂ ನಗಲಿಲ್ಲ. ಒಬ್ಬಳು ನೋಟ್ಸ್‌ನಲ್ಲಿ ಬರೆದುಕೊಂಡಳು, ಪರೀಕ್ಷೆಗೆ ಬರುತ್ತದೆ ಅಂದುಕೊಂಡು. ಬೈಗುಳದ ಹೆಸರು ಕೇಳಿ ಮಕ್ಕಳು ನೋಟ್ಸ್ ಬರೆದುಕೊಂಡರೆ ಆ ಹೆಸರು ಕೆಟ್ಟಿತು ಅಂತಲೇ ಅರ್ಥ.

‘ಊರ ಉಸಾಬರಿ’ ಅಂದಾಗ ನಕ್ಕರು. ಅದನ್ನು ಮನೆಯಲ್ಲಿ ಕೇಳಿರುತ್ತಾರೆ.

2.48 — ಅಚ್ಚಗನ್ನಡ ಒಲವಿನವ, ದಾವಣಗೆರೆ

ಉಸಾಬರಿ! ಅದರ ಮೈಕಟ್ಟು ನೋಡಿದರೇ ಗೊತ್ತಾಗುವುದಿಲ್ಲವೇ ಹೊರಗಿನದು ಅಂತ? ನಗು ಬರುವುದೇ ಅಳತೆಗೋಲಾದರೆ ಪದಚರ್ಚೆ ಯಾಕೆ, ಸರ್ಕಸ್ ನಡೆಸಿ.

2.55 — ಹಿರಿಯೂರು

ಸರ್ಕಸ್ ಯಾವ ಕನ್ನಡ?

3.30 — ನಿವೃತ್ತ ಉಪನ್ಯಾಸಕ, ಹರಿಹರ

ಇಲ್ಲಿ ತೂಕ ಬೇಕು. ಉಸಾಬರಿ ಒಳ್ಳೆಯ ಪದ, ಆದರೆ ಅದರಲ್ಲಿ ಭಾರ ಇದೆ. “ನಿನಗ್ಯಾಕೆ ಊರ ಉಸಾಬರಿ” ಅಂದರೆ ಬೇರೆಯವರ ಹೊರೆಯನ್ನು ನೀನು ಯಾಕೆ ಹೊರುತ್ತೀಯ ಅಂತ. ಮದುವೆ ಮನೆಯಲ್ಲಿ ಕರೆಯದೆ ಬಡಿಸಲು ನಿಲ್ಲುವವನು ಉಸಾಬರಿಯವನು. ಮೇಡಂ ಅವರ ಪಾತ್ರ ಏನನ್ನೂ ಹೊರುವುದಿಲ್ಲ. ಅವನಿಗೆ ಇರುವುದು ಚಪಲ.

ಚಪಲ ಎಂದಾಗ ಇನ್ನೊಂದು ಇಂಗ್ಲಿಷ್ ಪದ ಹೇಳುತ್ತೇನೆ, ಇದರಲ್ಲಿ ದಾರಿ ಇದೆ. ಸ್ನೂಪ್ ಗೊತ್ತಲ್ಲ? ಪತ್ತೇದಾರಿ ಮಾಡುವುದು, ಕದ್ದು ಹುಡುಕುವುದು. ಅದು ಡಚ್ ಭಾಷೆಯ ಸ್ನೂಪೆನ್‌ನಿಂದ ಬಂತು, ಅಮೆರಿಕಕ್ಕೆ ವಲಸೆ ಹೋದ ಡಚ್ಚರ ಮೂಲಕ. ಡಚ್ಚಿನಲ್ಲಿ ಅದರ ಅರ್ಥ ಪತ್ತೇದಾರಿ ಅಲ್ಲ. ಯಾರಿಗೂ ಕಾಣದ ಹಾಗೆ ಸಿಹಿ ತಿನ್ನುವುದು! ಅಮ್ಮ ಮೇಲಿನ ಗೂಡಿನಲ್ಲಿ ಇಟ್ಟ ಡಬ್ಬಿಗೆ ಸ್ಟೂಲ್ ಹಾಕಿ ಹತ್ತುವ ಹುಡುಗನೇ ಮೊದಲ ಸ್ನೂಪ್. ಸಿಹಿಯ ಜಾಗಕ್ಕೆ ಆಮೇಲೆ ಸುದ್ದಿ ಬಂತು.

ಅಂದರೆ ಇದು ಮೂಗಿನ ರೋಗವಲ್ಲ ಸ್ವಾಮಿ, ನಾಲಿಗೆಯದು. ಹೊಟ್ಟೆಯದು. ಊಟದ ಮೇಲೆ ಹೀಗೆ ಬೀಳುವವನಿಗೆ ಕನ್ನಡದಲ್ಲಿ ಏನು ಅನ್ನುತ್ತೇವೆ? ಹೊಟ್ಟೆಬಾಕ. ಸುದ್ದಿಯ ಮೇಲೆ ಬೀಳುವವನು ಸುದ್ದಿಬಾಕ.

3.36 — ಚಳ್ಳಕೆರೆಯವಳು, ಈಗ ದಾವಣಗೆರೆ

ಮೇಷ್ಟ್ರೇ, ಇದು ಸರಿ ಹೋಯಿತು. ಹೊಗೆ ತಿಂದವಳು ಹೇಳುತ್ತಿದ್ದೇನೆ, ಅದು ಹಸಿವೇ.

3.44 — ಅಚ್ಚಗನ್ನಡ ಒಲವಿನವ, ದಾವಣಗೆರೆ

ಒಪ್ಪುವುದಿಲ್ಲ. ಸುದ್ದಿ ತದ್ಭವ. ಸಂಸ್ಕೃತದ ಶುದ್ಧಿಯಿಂದ ಬಂದದ್ದು. ಅರ್ಧ ಎರವಲು ಪದ ಕಟ್ಟಿ ಅದನ್ನು ಕನ್ನಡ ಅನ್ನುವುದು ಮೋಸ.

3.52 — ನಿವೃತ್ತ ಉಪನ್ಯಾಸಕ, ಹರಿಹರ

ಶುದ್ಧಿ ಬೇಕು ಬೇಕು ಅನ್ನುವವರಿಗೆ ಶುದ್ಧಿಯಿಂದ ಹುಟ್ಟಿದ್ದು ಬೇಡ! ತದ್ಭವ ಎರವಲಾದರೆ ನಿಮ್ಮ ಮನೆಯ ದೀವಿಗೆ ಆರಿಸಿ, ಅದೂ ದೀಪಿಕೆಯಿಂದ ಬಂದದ್ದು. 13ನೇ ಶತಮಾನದಲ್ಲಿ ಕನ್ನಡ ವ್ಯಾಕರಣ ಬರೆದ ಕೇಶಿರಾಜನೇ ತದ್ಭವಗಳಿಗೆ ಒಂದು ಪ್ರಕರಣ ಬಿಟ್ಟುಕೊಟ್ಟಿದ್ದಾನೆ. ಅವನಿಗಿಂತ ನೀವು ಕಟ್ಟುನಿಟ್ಟೋ?

4.01 — ಅಚ್ಚಗನ್ನಡ ಒಲವಿನವ, ದಾವಣಗೆರೆ

ಕೇಶಿರಾಜ ಇದ್ದುದನ್ನು ಬರೆದಿಟ್ಟ, ಇನ್ನಷ್ಟು ತನ್ನಿ ಅನ್ನಲಿಲ್ಲ. ಬೇಡ ಅನ್ನುವವರು ಇಲ್ಲದಿದ್ದರೆ ಬಾಗಿಲಿಗೆ ಕದವೇ ಇರುವುದಿಲ್ಲ. ನಿಮ್ಮ ಹೊಸ ತಲೆಮಾರು ಆಗಲೇ ‘ಕ್ಯೂರಿಯಾಸಿಟಿ ಜಾಸ್ತಿ’ ಅನ್ನುತ್ತದೆ. ಕುತೂಹಲ ಎಂಬ ಪದ ಕೂಡ ಬಾಯಿಗೆ ಬರುವುದಿಲ್ಲ.

4.05 — ಹಿರಿಯೂರು

ಕುತೂಹಲ ಸಂಸ್ಕೃತ.

4.20 — ಕೋಟೆ ಪಕ್ಕದವ, ಚಿತ್ರದುರ್ಗ

ಖಾಲಿ ದೋಸೆ, ಓಪನ್ ದೋಸೆ, ಮಂಡಕ್ಕಿ ಮಿರ್ಚಿ ತಿನ್ನುವ ಊರಿನವರಿಂದ ಕದದ ಮಾತು ಕೇಳಬೇಕಾಯಿತು. ಖಾಲಿ ಅರಬ್ಬಿ, ಓಪನ್ ಇಂಗ್ಲಿಷ್, ಮಿರ್ಚಿ ಹಿಂದಿ. ಮೆಣಸಿನಕಾಯಿಯನ್ನಂತೂ ಪೋರ್ಚುಗೀಸರು ಅಮೆರಿಕದಿಂದ ತಂದರು. 1997ರಲ್ಲಿ ನಮ್ಮ ದುರ್ಗದಿಂದ ಬೇರೆಯಾದಿರಲ್ಲ, ಏನಾಗಿ ಬೇರೆಯಾದಿರಿ? ಜಿಲ್ಲೆಯಾಗಿ. ಜಿಲ್ಲೆಯೂ ಅರಬ್ಬಿ, ಅದರ ಕೆಳಗಿನ ತಾಲ್ಲೂಕೂ ಅರಬ್ಬಿ. ಅದನ್ನೆಲ್ಲ ನುಂಗಿದವರಿಗೆ ಒಂದು ಸುದ್ದಿ ಗಂಟಲಲ್ಲಿ ಸಿಕ್ಕಿಕೊಂಡಿತಾ?

ಹಾಗಂತ ನಾನು ಸುದ್ದಿಬಾಕನ ಪಕ್ಷ ಅಲ್ಲ. ಕಿಂಡಿ ಕಿಟ್ಟಪ್ಪನ ಕಡೆಯೇ ಇದ್ದೇನೆ.

4.26 — ಅಚ್ಚಗನ್ನಡ ಒಲವಿನವ, ದಾವಣಗೆರೆ

ತಿಂಡಿ ಬೇರೆ, ನುಡಿ ಬೇರೆ. ನಾನು ಅದನ್ನು ಮೆಣಸಿನಕಾಯಿ ಬಜ್ಜಿ ಎಂದೇ ಕೇಳುತ್ತೇನೆ.

4.29 — ಚಳ್ಳಕೆರೆಯವಳು, ಈಗ ದಾವಣಗೆರೆ

ಅಣ್ಣಾವ್ರೇ, ಯಾವ ಗಾಡಿಯಲ್ಲಿ? ಕೊಡುತ್ತಾರಾ?

ಸಂಜೆ 6.10 — ಇಂಗ್ಲಿಷ್ ಟೀಚರ್, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಡಿಟಿಪಿ ಅಂಗಡಿಯಿಂದಲೇ ಬರೆಯುತ್ತಿದ್ದೇನೆ. ‘ಸುದ್ದಿಬಾಕ ಸಿದ್ದಪ್ಪ’ ಅಂತ ಟೈಪ್ ಮಾಡಿಸಿದೆ. ಪಕ್ಕದಲ್ಲಿ ಫ್ಲೆಕ್ಸ್ ಮಾಡಿಸಲು ಬಂದಿದ್ದವರು ಸ್ಕ್ರೀನ್ ನೋಡಿ ನಕ್ಕರು. ಇಷ್ಟು ಸಾಕು ಅಂದುಕೊಂಡೆ.

ಅಷ್ಟರಲ್ಲಿ ಹೆಡ್‌ಮಾಸ್ಟರ್ ಫೋನ್ ಬಂತು. ಸಿದ್ದಪ್ಪ ಬೇಡವಂತೆ, ಶಾಲೆಗೆ ಬೆಂಚು ಕೊಡಿಸಿದವರ ಹೆಸರೂ ಅದೇ. ‘ಸುದ್ದಿಬಾಕ ಸುಬ್ಬಣ್ಣ’ ಮಾಡಿಸಿದೆ. ಸುದ್ದಿಗೆ ಜೋಡಿಯಾಗಿ ಸಿದ್ದಪ್ಪನಲ್ಲಿದ್ದ ‘ದ್ದ’ ಇದರಲ್ಲಿ ಇಲ್ಲ, ಏನು ಮಾಡುವುದು.

ಕಿಂಡಿ ಕೂಡ ಬಳಕೆಗೆ ಬಂತು. ಸೆಟ್ಟಿನ ಗೋಡೆಯಲ್ಲಿ ಒಂದು ಕಿಂಡಿ ಕೊರೆಸುತ್ತಿದ್ದೇವೆ. ದುರ್ಗದವರು ಬೇಜಾರು ಮಾಡಿಕೊಳ್ಳಬಾರದು.

6.22 — ಅಚ್ಚಗನ್ನಡ ಒಲವಿನವ, ದಾವಣಗೆರೆ

ಸುಬ್ಬಣ್ಣ ಸುಬ್ರಹ್ಮಣ್ಯದಿಂದ.

6.50 — ಇಂಗ್ಲಿಷ್ ಟೀಚರ್, ದಾವಣಗೆರೆ

ಹೊಸ ತಾಪತ್ರಯ. ಸುಬ್ಬಣ್ಣ ಆಗಬೇಕಿದ್ದ ಹುಡುಗನಿಗೆ ಮಂಗನಬಾವು. ಎರಡು ಕೆನ್ನೆಯೂ ಊದಿದೆಯಂತೆ. ನಮ್ಮಲ್ಲಿ ಆ ಮಾತುಗಳೆಲ್ಲ ಬಾಯಿಪಾಠ ಬರುವುದು ಒಬ್ಬಳೇ ಹುಡುಗಿಗೆ, ಇಣುಕುಳಿ ಬರೆದುಕೊಂಡಳಲ್ಲ, ಅವಳಿಗೆ. ಇನ್ನು ಹತ್ತು ನಿಮಿಷ ಇದೆ. ಸುದ್ದಿಬಾಕಕ್ಕೆ ಹೆಣ್ಣುರೂಪ ಏನು? ಸುದ್ದಿಬಾಕಿ?

6.52 — ಹಿರಿಯೂರು

ಬೇಡ. ಸುದ್ದಿ ಬಾಕಿ ಇದೆ, ಆಮೇಲೆ ಬಂದು ತೀರಿಸುತ್ತಾರೆ ಅಂತ ಆಗುತ್ತದೆ.

6.53 — ಅಚ್ಚಗನ್ನಡ ಒಲವಿನವ, ದಾವಣಗೆರೆ

ಬಾಕಿ ಅರಬ್ಬಿ ಬೇರೆ.

6.55 — ಚಳ್ಳಕೆರೆಯವಳು, ಈಗ ದಾವಣಗೆರೆ

ಸುದ್ದಿಬಾಕಳು ಅನ್ನಬಹುದಾ? ಊಹೂಂ. ಕೇಳಲು ಯಾರೋ ಬಿಕ್ಕಳಿಸಿದ ಹಾಗಿದೆ.

6.56 — ನಿವೃತ್ತ ಉಪನ್ಯಾಸಕ, ಹರಿಹರ

ಹೆಸರು ಮುಟ್ಟಬೇಡಿ ಮೇಡಂ. ಕಂಪನಿ ನಾಟಕದಲ್ಲಿ ಗಂಡಸರು ಸೀರೆ ಉಟ್ಟು ರಾಣಿಯಾಗಲಿಲ್ಲವೇ? ಹುಡುಗಿಗೆ ಪಂಚೆ ಉಡಿಸಿ, ಸುಬ್ಬಣ್ಣನಾಗಿಯೇ ಇರಲಿ.

6.59 — ಇಂಗ್ಲಿಷ್ ಟೀಚರ್, ದಾವಣಗೆರೆ

ಸುಬ್ಬಣ್ಣನಾಗಿಯೇ ಅಚ್ಚಿಗೆ ಹೋದ. ಮೀಸೆ ತರುವುದಕ್ಕೆ ಈಗಲೇ ಹೋಗಬೇಕು, ಬಾಡಿಗೆ ಡ್ರೆಸ್ ಅಂಗಡಿ ಎಂಟಕ್ಕೆ ಮುಚ್ಚುತ್ತದೆ.